ಚಿಮಣಿಯ ಲೆಕ್ಕ

ಹೊಗೆ ಹಿಂದಕ್ಕೆ ಇಳಿಯುವುದನ್ನು ನೋಡಿದ್ದೀರಾ?
ಬನ್ನಿ, ಡೆಟ್ರಾಯ್ಟಿನ ಈ ಮೂಲೆಗೆ, ಸೆಪ್ಟೆಂಬರಿನಲ್ಲಿ,
ಸಂಜೆ ಏಳೂಮುಕ್ಕಾಲಿನ ಹೊತ್ತಿಗೆ.
ಕುರ್ಚಿ ನೀವೇ ತರಬೇಕು.

ಈ ಶಾಲೆಯ ಬಾಯ್ಲರಿಗೆ ಮೂವತ್ತು ವರ್ಷ
ಕಲ್ಲಿದ್ದಲು ಉಣಿಸಿದವನು ನನ್ನಪ್ಪ, ಲೂಷಿಯಸ್ ಪೆಟಿಗ್ರೂ.
ಅವನ ಕರವಸ್ತ್ರ ಎಷ್ಟು ಒಗೆದರೂ ಬೆಳ್ಳಗಾಗಲಿಲ್ಲ;
ಅಮ್ಮ ಕೊನೆಗೆ ಕಪ್ಪು ಬಟ್ಟೆಯಲ್ಲೇ ಹೊಲಿದುಕೊಟ್ಟಳು.
ಶಾಲೆಗೆ ಬೀಗ ಬಿದ್ದು ಹನ್ನೊಂದು ವರ್ಷ.
ಕಿಟಕಿಗೆ ಹಲಗೆ, ಹಲಗೆಗೆ ಬಣ್ಣ, ಬಣ್ಣದ ಮೇಲೆ ಬೈಗುಳ.
ಚಿಮಣಿಗೆ ಮಾತ್ರ ಯಾರೂ ಮುಚ್ಚಳ ಹಾಕಲಿಲ್ಲ.

ಅದರೊಳಗೆ ಬಾನಾಡಿಗಳು.
ಕೊಂಬೆಯ ಮೇಲೆ ಕೂರಲು ಬಾರದ ಹಕ್ಕಿ ಇದು,
ತಂತಿಯ ಮೇಲೂ ಇಲ್ಲ, ನೆಲದ ಮೇಲಂತೂ ಇಲ್ಲವೇ ಇಲ್ಲ.
ನೆಟ್ಟಗಿನ ಗೋಡೆ ಸಿಕ್ಕರೆ, ಒರಟಾಗಿದ್ದರೆ,
ಉಗುರೂರಿ ಜೋತುಬಿದ್ದು ನಿದ್ದೆ ಹೋಗುತ್ತದೆ.
ಹಾಗೆ ಬದುಕುವವರು ನಮ್ಮ ಬೀದಿಯಲ್ಲೂ ಇದ್ದಾರೆ,
ಹೆಸರು ಹೇಳುವುದಿಲ್ಲ.

ಚಳಿಗೆ ಮೊದಲೇ ತೆಂಕಣಕ್ಕೆ ಹೊರಡುತ್ತವೆ,
ಮಿಸಿಸಿಪ್ಪಿ ದಾಟಿ, ಕಡಲು ದಾಟಿ, ಅಮೆಜಾನಿನ ತನಕ.
ಅಜ್ಜಿ ಬಂದದ್ದೂ ಅದೇ ದಾರಿಯಲ್ಲಿ, ಎದುರು ದಿಕ್ಕಿನಿಂದ:
ರೈಲಿನಲ್ಲಿ, ಶೂ ಡಬ್ಬಿಯ ತುಂಬ ಹುರಿದ ಕೋಳಿ,
ಲಂಗದ ಅಂಚಿನಲ್ಲಿ ಹೊಲಿದ ಹದಿನಾಲ್ಕು ಡಾಲರ್.
ಅವಳು ಮರಳಿ ಹೋಗಲಿಲ್ಲ.
ಹಕ್ಕಿಗಳ ಅವಸರ ಕಂಡು ಗದರುತ್ತಿದ್ದಳು:
"ಹೋಗಿ, ಹೋಗಿ, ಅಲ್ಲೇನು ಬಿಟ್ಟು ಬಂದಿದ್ದೀರೋ!"

ಮೂಲೆಯಂಗಡಿಯ ಅಬ್ದೊ ಮುಸ್ಲಿಹ್ ಐಸಿನ ಡಬ್ಬಿ ತರುತ್ತಾನೆ.
ಸನಾದ ಅವನ ಮನೆಯ ಗೋಡೆಯಲ್ಲಿ ಒಂದು ಬಿರುಕಿತ್ತಂತೆ;
ಗಾರೆಯವನು ಬಂದಾಗಲೆಲ್ಲ ತಾಯಿ ಅಡ್ಡ ನಿಲ್ಲುತ್ತಿದ್ದಳಂತೆ,
"ಅದು ಬಾಡಿಗೆಗೆ ಕೊಟ್ಟಾಗಿದೆ" ಎಂದು.
ಈಗ ಆ ಗೋಡೆಯೂ ಇಲ್ಲ.
ಅವನು ಅಷ್ಟಕ್ಕೇ ನಿಲ್ಲಿಸಿ ಐಸು ಕುಟ್ಟುತ್ತಾನೆ.

ಏಪ್ರಿಲಿನಲ್ಲಿ ನೋಟೀಸು ಬಂತು: ಶಾಲೆ ಕೆಡವಿ
ಲಾರಿಗಳ ತಂಗುದಾಣ, ದಿನಕ್ಕೆ ನಾನೂರು.
ಆಚೆ ಎಣ್ಣೆಯ ಕಾರ್ಖಾನೆ, ಈಚೆ ಉಕ್ಕಿನದು,
ನಡುವೆ ನಮ್ಮ ಮೂಗು.
ಅಹವಾಲಿಗೆ ತಲೆಗೆ ಎರಡು ನಿಮಿಷ.
ಮೊಮ್ಮಗ ಡೇರಿಯಸನ ಖಾಲಿ ಇನ್‌ಹೇಲರುಗಳನ್ನು
ಮೇಜಿನ ಮೇಲೆ ಸಾಲಾಗಿ ಇಟ್ಟೆ, ಒಂದು ವರ್ಷದ್ದು.
ಬರೆದುಕೊಂಡರು. ಯಾರೋ ಆಕಳಿಸಿದರು.
ಆಮೇಲೆ ಊರಾಚೆಯ ಪಕ್ಷಿಪ್ರೇಮಿ ಸಿಗ್ರಿಡ್ ಎದ್ದು
ಗೂಡಿನ ಮಾತೆತ್ತಿದಳು, ಮೊಟ್ಟೆಯ ಮಾತು;
ಕುರ್ಚಿಗಳು ಕಿರ್ರೆಂದವು, ವಕೀಲ ಪುಟ ತಿರುವಿದ.
ಮರಿ ಹಾರುವ ತನಕ ಒಂದು ಇಟ್ಟಿಗೆ ಮುಟ್ಟುವಂತಿಲ್ಲ.
ಕಾನೂನು.

ಹೊಟ್ಟೆಯಲ್ಲಿ ಕೆಂಡ ಸುರಿದಂತಾಯಿತು.
ಎಂಜಲು ಮೆತ್ತಿ ಕಟ್ಟಿದ ಬೊಗಸೆಗೂಡಿಗೆ ಕಾನೂನು;
ನನ್ನ ಹುಡುಗನ ಎದೆಗೂಡಿಗೆ?
ಹೊರಗೆ ಮೆಟ್ಟಿಲ ಮೇಲೆ ಅವಳನ್ನೇ ಕೇಳಿದೆ.
"ಗೊತ್ತಿಲ್ಲ" ಎಂದಳು. ಅಷ್ಟಾದರೂ ಎಂದಳಲ್ಲ.
ಮುಂದಿನ ವಾರ ಗಾಳಿ ಅಳೆಯುವ ಪೆಟ್ಟಿಗೆಯೊಂದನ್ನು ತಂದು
ನನ್ನ ಜಗಲಿಯ ಕಂಬಕ್ಕೆ ಕಟ್ಟಿದಳು.
ಏಣಿ ನಾನು ಹಿಡಿದೆ.

ಈಗ ಎರಡು ಪುಸ್ತಕ: ಒಂದರಲ್ಲಿ ಹಕ್ಕಿ, ಒಂದರಲ್ಲಿ ಹೊಗೆ.
ಡೇರಿಯಸನೇ ಬರೆಯುವವನು, ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು.

ಅಗೋ, ಸುತ್ತತೊಡಗಿದವು.
ಮೊದಲು ಹಿಡಿ ಮೆಣಸು ಎರಚಿದಂತೆ, ಆಮೇಲೆ ಬುಗುರಿ,
ಆಮೇಲೆ ಅಪ್ಪ ಈ ಬೀದಿಯ ಮೇಲೆ ಬಿಟ್ಟ ಹೊಗೆಯಷ್ಟೂ
ಚಿಟಿಚಿಟಿಗುಟ್ಟುತ್ತ ಕೊಳವೆಗೆ ವಾಪಸು.
ಇನ್ನೂರು. ಆರುನೂರ ಹತ್ತು. ಎಂಟುನೂರ
ಕೆಮ್ಮು ಬಂತು ಹುಡುಗನಿಗೆ. ಲೆಕ್ಕ ತಪ್ಪಿತು.
ಅಬ್ದೊ ಎಣಿಕೆ ಎತ್ತಿಕೊಂಡ, ಅರಬ್ಬಿಯಲ್ಲಿ.
ನಾನು ಬೆನ್ನು ನೀವುತ್ತ
ಅರ್ಥವಾಗದ ಒಂದೊಂದು ಅಂಕಿಗೂ ಹೂಂಗುಟ್ಟಿದೆ.

ಕೊನೆಯದೊಂದು ಒಳಗೆ ಹೋಗಲೊಲ್ಲದು.
ಚಿಮಣಿಯ ಬಾಯಿಯ ತನಕ ಬರುತ್ತದೆ, ತಿರುಗುತ್ತದೆ.
ಮರಿಗಳೆಲ್ಲ ಹಾರಿಯಾಗಿದೆ; ಗಡುವು ಅಕ್ಟೋಬರ್ ಹದಿನೈದು.
ಬೇಲಿಯಾಚೆ ಹಳದಿ ಯಂತ್ರ ನಿಂತಿದೆ, ತೋಳು ಮಡಚಿ.
ಕತ್ತಲಾಯಿತು.
ಯಾರೂ ಕುರ್ಚಿ ಮಡಚಲಿಲ್ಲ.